ಕಾಲೇಜಿನ ಸರ್ವರ್ ರೂಮ್ ನನ್ನ ಕೈಗೆ ಬಂದಾಗ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿರುವ ವಿದ್ಯಾಸಂಸ್ಥೆ ಅದು. ಹೈಸ್ಕೂಲು, ಪಿಯು, ಡಿಗ್ರಿ ಮೂರೂ ಒಂದೇ ಕ್ಯಾಂಪಸ್ಸಿನಲ್ಲಿವೆ. ಆಫೀಸು, ಲ್ಯಾಬುಗಳು, ಲೈಬ್ರರಿ, ಹಾಸ್ಟೆಲ್ಲು ಎಲ್ಲ ಸೇರಿ ನೂರೈವತ್ತರ ಹತ್ತಿರ ಕಂಪ್ಯೂಟರ್‌ಗಳು. ಇಷ್ಟನ್ನೂ ಬಹಳ ವರ್ಷ ಒಬ್ಬರೇ ಲ್ಯಾಬ್ ಇನ್‌ಸ್ಟ್ರಕ್ಟರ್ ನೋಡಿಕೊಂಡಿದ್ದರು. ಅವರು ಕೆಲಸ ಬಿಟ್ಟ ಮೇಲೆ ಸ್ವಲ್ಪ ಕಾಲ ಯಾರೂ ಇರಲಿಲ್ಲ. ಆಮೇಲೆ ನಾನು ಬಂದೆ.

ಚಾರ್ಜ್ ಅಂತ ನನ್ನ ಕೈಗೆ ಸಿಕ್ಕಿದ್ದು ಒಂದು ಬೀಗದ ಕೈ, ಒಂದು ಹಳೇ ಡೈರಿ. ಡೈರಿ ತುಂಬ ಪಾಸ್‌ವರ್ಡ್‌ಗಳು. ಅರ್ಧಕ್ಕರ್ಧ ಗೀಟು ಹಾಕಿ ಪಕ್ಕದಲ್ಲಿ ಹೊಸದು ಬರೆದಿದ್ದರು. ಕೆಲವು ಕಡೆ ಆ ಹೊಸದಕ್ಕೂ ಗೀಟು ಬಿದ್ದಿತ್ತು. ಯಾವುದು ಯಾವ ಮೆಷಿನ್ನಿಗೆ ಅನ್ನೋದು ಎಷ್ಟೋ ಕಡೆ ಬರೆದೇ ಇರಲಿಲ್ಲ.

ಇಂಥ ಜಾಗಕ್ಕೆ ಬಂದವರು ಮೊದಲು ಹಿಂದಿನವರನ್ನು ಬಯ್ಯುತ್ತಾರೆ. ನನಗೆ ಆ ಮನಸ್ಸು ಬರಲಿಲ್ಲ. ಅವರ ಮೇಜಿನ ಡ್ರಾಯರ್‌ನಲ್ಲಿ ಒಂದು ಫೈಲು ಸಿಕ್ಕಿತು. ಒಳಗೆ ಅವರು ಆಡಳಿತ ಮಂಡಳಿಗೆ ಬರೆದ ಪತ್ರಗಳ ಜೆರಾಕ್ಸ್ ಪ್ರತಿಗಳಿದ್ದವು. ಯುಪಿಎಸ್ ಬ್ಯಾಟರಿ ಬದಲಾಯಿಸಬೇಕು, ಸರ್ವರ್ ಹಳೆಯದಾಗಿದೆ, ಬ್ಯಾಕಪ್‌ಗೆ ಹಾರ್ಡ್ ಡಿಸ್ಕ್ ಬೇಕು. ಒಂದೇ ವಿಷಯ ಬೇರೆ ಬೇರೆ ವರ್ಷದ ತಾರೀಖಿನಲ್ಲಿತ್ತು. ಉತ್ತರ ಬಂದ ಗುರುತು ಎಲ್ಲೂ ಇಲ್ಲ. ಪ್ರಾಕ್ಟಿಕಲ್ ಕ್ಲಾಸು ತೆಗೆದುಕೊಂಡು, ಪರೀಕ್ಷೆ ಸಮಯದಲ್ಲಿ ಡೇಟಾ ಎಂಟ್ರಿ ಮಾಡಿ, ಪ್ರೊಜೆಕ್ಟರ್ ಹೊತ್ತು ತಿರುಗಿದ ಮನುಷ್ಯ ಉಳಿದ ಹೊತ್ತಿನಲ್ಲಿ ಇದನ್ನೆಲ್ಲ ನಡೆಸಿದ್ದರು. ಅವರು ಬಿಟ್ಟು ಹೋದ ಒಂದೊಂದು ಅಡ್ಡದಾರಿಗೂ ಹಿಂದೆ ಒಂದು ಕಾರಣ ಇದ್ದೇ ಇರುತ್ತೆ ಅಂದುಕೊಂಡೇ ಕೆಲಸ ಶುರು ಮಾಡಿದೆ. ಆ ಅಂದಾಜು ಬಹಳ ಕಡೆ ನಿಜವಾಯಿತು.

ಸರ್ವರ್ ರೂಮ್ ಅಂತ ಕರೆಯುತ್ತಿದ್ದದ್ದು ಲೈಬ್ರರಿ ಹಿಂದಿನ ಸ್ಟೋರನ್ನು. ಹಳೇ ಉತ್ತರಪತ್ರಿಕೆಗಳ ಕಟ್ಟುಗಳ ಪಕ್ಕ ಒಂದು ರ್‍ಯಾಕು. ಅದರ ಕೆಳಗೆ ನೆಲದ ಮೇಲೆ ಒಂದು ಟವರ್ ಸರ್ವರ್. ವಿಂಡೋಸ್ ಸರ್ವರ್ 2008 ಆರ್2 ಓಡುತ್ತಿತ್ತು. ಆ ಆವೃತ್ತಿಗೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿದೆ. ಅಂದರೆ ಅದಾದ ಮೇಲೆ ಬಯಲಾದ ಯಾವ ದೋಷಕ್ಕೂ ಇದಕ್ಕೆ ಮಾಮೂಲಿ ಅಪ್‌ಡೇಟ್ ಬಂದಿಲ್ಲ. ಆದರೆ ನನಗೆ ಅದಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಬೇರೆ. ಮುಂದಿನ ಮುಚ್ಚಳ ತೆಗೆದು ನೋಡಿದರೆ ನಾಲ್ಕು ಡಿಸ್ಕ್‌ಗಳಲ್ಲಿ ಮೂರಕ್ಕೆ ಹಸಿರು ದೀಪ, ಒಂದಕ್ಕೆ ಕಿತ್ತಳೆ ದೀಪ. ಡಿಸ್ಕ್‌ಗಳನ್ನು ನಡೆಸುವ ಕಂಟ್ರೋಲರ್‌ನ ಲಾಗ್ ತೆಗೆದು ನೋಡಿದೆ. ಆ ಡಿಸ್ಕ್ ಸತ್ತು ವರ್ಷ ದಾಟಿತ್ತು. ಹೀಗಾದಾಗ ಕೂಗುವ ಬೀಪ್ ಅನ್ನು ಯಾರೋ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದ್ದರು. ಪಕ್ಕದಲ್ಲೇ ಲೈಬ್ರರಿ ಅಲ್ವಾ, ಓದುವವರಿಗೆ ತೊಂದರೆ ಆಗಿರಬೇಕು.

ಅದು ರೇಡ್ 5. ಈ ವ್ಯವಸ್ಥೆಯಲ್ಲಿ ಒಂದು ಡಿಸ್ಕ್ ಹೋದರೂ ಉಳಿದವು ಲೆಕ್ಕ ಹಾಕಿ ಡೇಟಾ ಕೊಡುತ್ತವೆ. ಇನ್ನೊಂದು ಹೋದರೆ ಎಲ್ಲವೂ ಹೋಯಿತು. ಅಷ್ಟು ಕಾಲ ಇಡೀ ಸಂಸ್ಥೆಯ ಫೀಸು, ಅಡ್ಮಿಷನ್ನು, ಸಂಬಳದ ಲೆಕ್ಕ ಉಳಿದ ಮೂರು ಹಳೇ ಡಿಸ್ಕ್‌ಗಳ ಮೇಲೆ ನಿಂತಿತ್ತು.

ಹೊಸ ಡಿಸ್ಕ್ ತಂದು ಹಾಕಿಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತೆ. ಹಾಗೆ ಮಾಡಬಾರದು. ಹೊಸ ಡಿಸ್ಕ್ ಹಾಕಿದ ಕೂಡಲೇ ರೀಬಿಲ್ಡ್, ಅಂದರೆ ಸತ್ತ ಡಿಸ್ಕಿನ ಡೇಟಾವನ್ನು ಹೊಸದರಲ್ಲಿ ಮತ್ತೆ ಕಟ್ಟುವ ಕೆಲಸ ಶುರುವಾಗುತ್ತೆ. ಉಳಿದ ಮೂರು ಡಿಸ್ಕ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದಬೇಕು. ಅಷ್ಟೇ ವಯಸ್ಸಾದ ಡಿಸ್ಕ್‌ಗಳು ಆ ಒತ್ತಡದಲ್ಲೇ ಕೈಕೊಡುವುದು ಉಂಟು. ಮೊದಲು ಬ್ಯಾಕಪ್ ಬೇಕು.

ಬ್ಯಾಕಪ್ ಇದೆ ಅಂತಲೇ ಆಫೀಸಿನವರೆಲ್ಲ ನಂಬಿದ್ದರು. ರಾತ್ರಿ ಒಂದು ಸ್ಕ್ರಿಪ್ಟ್ ಓಡುತ್ತಿತ್ತು, ನಿಜ. ಅದು ಸಿ ಡ್ರೈವಿಂದ ಡಿ ಡ್ರೈವಿಗೆ ಕಾಪಿ ಮಾಡುತ್ತಿತ್ತು. ಎರಡೂ ಅದೇ ನಾಲ್ಕು ಡಿಸ್ಕ್‌ಗಳ ಮೇಲೇ ಇದ್ದವು. ಸರ್ವರಿನ ಹಿಂಬದಿಯಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೂಡ ಚುಚ್ಚಿಕೊಂಡಿತ್ತು. ಅದು ಯಾವಾಗಲೋ ತುಂಬಿಹೋಗಿ ಕಾಪಿ ನಿಂತಿತ್ತು. ಅದರಲ್ಲಿದ್ದ ಕೊನೆಯ ಫೈಲಿನ ತಾರೀಖು ನೋಡಿ ನಾನು ಪ್ರಿನ್ಸಿಪಾಲರನ್ನು ಅಲ್ಲಿಗೇ ಕರೆದುಕೊಂಡು ಬಂದು ತೋರಿಸಿದೆ. ಕಾಗದದಲ್ಲಿ ಬರೆದು ಕೊಟ್ಟಿದ್ದರೆ ಆ ಪತ್ರವೂ ಡ್ರಾಯರ್ ಸೇರುತ್ತಿತ್ತೋ ಏನೋ. ಕಿತ್ತಳೆ ದೀಪವನ್ನು ಕಣ್ಣಾರೆ ನೋಡಿದ್ದಕ್ಕೆ ಅವತ್ತೇ ಎರಡು ಹಾರ್ಡ್ ಡಿಸ್ಕ್ ತರಲು ಒಪ್ಪಿದರು.

ಕಾಪಿ ಮಾಡುವುದಕ್ಕೂ ಒಂದು ಕ್ರಮ ಇದೆ. ಡಿಸ್ಕ್ ಯಾವ ಕ್ಷಣದಲ್ಲಾದರೂ ಹೋಗಬಹುದು ಅಂದಾಗ, ಹೋದರೆ ಮತ್ತೆ ಹುಟ್ಟಿಸಲಾಗದ್ದು ಮೊದಲು. ಫೀಸು ಮತ್ತು ಅಡ್ಮಿಷನ್ನಿನ ಡೇಟಾಬೇಸ್ ಮೊದಲು ತೆಗೆದೆ. ಆಮೇಲೆ ಆಫೀಸಿನ ಪತ್ರಗಳು, ಅಂಕಪಟ್ಟಿಗಳು. ವಾರ್ಷಿಕೋತ್ಸವದ ಫೋಟೋ, ವಿಡಿಯೋ ಕೊನೆಗೆ. ಇಡೀ ಡ್ರೈವನ್ನು ಒಂದೇ ಸಲ ಎಳೆದಿದ್ದರೆ ಸಾವಿರಾರು ಫೋಟೋಗಳ ನಡುವೆ ಫೀಸಿನ ಲೆಕ್ಕ ಸರದಿಯಲ್ಲಿ ನಿಲ್ಲಬೇಕಿತ್ತು.

ಕಾಪಿ ಆಯಿತು ಅಂದರೆ ಬ್ಯಾಕಪ್ ಆಯಿತು ಅಂತಲ್ಲ. ವಾಪಸ್ ತಂದು ನೋಡಿದ ಮೇಲೇ ಅದು ಬ್ಯಾಕಪ್. ಈ ಮಾತನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಲ್ಯಾಬಿನ ಒಂದು ಕಂಪ್ಯೂಟರ್ ತಂದು, ನೆಟ್‌ವರ್ಕ್ ಕೇಬಲ್ ಕಿತ್ತು, ಅದರಲ್ಲಿ ಡೇಟಾಬೇಸನ್ನು ರಿಸ್ಟೋರ್ ಮಾಡಿದೆ. ಆಫೀಸ್ ಸೂಪರಿಂಟೆಂಡೆಂಟ್ ಮೇಡಂ ಬಿಕಾಂನ ಹಳೇ ಅಡ್ಮಿಷನ್ ರಿಜಿಸ್ಟರ್ ತಂದು ಪಕ್ಕದಲ್ಲಿ ಕೂತರು. ಅವರು ರಿಜಿಸ್ಟರ್ ನೋಡಿ ರಸೀದಿ ನಂಬರ್ ಓದೋದು, ನಾನು ತೆರೆಯ ಮೇಲೆ ಹುಡುಕಿ ಮೊತ್ತ ಹೇಳೋದು. ಕೆಂಪು ಬಟ್ಟೆಯ ಬೈಂಡಿನ ಉದ್ದನೆ ರಿಜಿಸ್ಟರ್ ಅದು. ಮೂಲೆಗಳಲ್ಲಿ ಸವೆದುಹೋಗಿತ್ತು. ಒಂದು ರಸೀದಿ ರದ್ದಾಗಿದ್ದಕ್ಕೆ ಪಕ್ಕದಲ್ಲಿ ಪ್ರಿನ್ಸಿಪಾಲರ ಸಹಿ ಇತ್ತು. ಕಂಪ್ಯೂಟರಿನಲ್ಲೂ ಅದು ರದ್ದು ಅಂತಲೇ ಬಂತು. ಆಗ ಮೇಡಂ ಕನ್ನಡಕ ತೆಗೆದು, “ಇಷ್ಟು ದಿನ ಇದನ್ನ ಯಾರೂ ತೆಗೆದು ತೋರಿಸಿರಲಿಲ್ಲ ಸಾರ್” ಅಂದರು. ಆ ನಂಬಿಕೆ ಮುಂದೆ ನನಗೆ ಬಹಳ ಕಡೆ ಕೆಲಸಕ್ಕೆ ಬಂತು. ಇದೆಲ್ಲ ಮುಗಿದ ಮೇಲೇ ಸತ್ತ ಡಿಸ್ಕ್ ಬದಲಾಯಿಸಿದ್ದು. ರೀಬಿಲ್ಡ್ ಯಾವ ತೊಂದರೆಯೂ ಇಲ್ಲದೆ ಮುಗಿಯಿತು.

ಮುಂದಿನ ಕೆಲಸ ಏನೇನಿದೆ ಅಂತ ತಿಳಿಯುವುದು. ಅದಾಗುವ ತನಕ ಏನನ್ನೂ ಬದಲಾಯಿಸುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿದ್ದೆ. ಎನ್‌ಮ್ಯಾಪ್ ಅನ್ನುವ ಉಪಕರಣ ಹಾಕಿ ನೆಟ್‌ವರ್ಕನ್ನು ಸ್ಕ್ಯಾನ್ ಮಾಡಿದರೆ ಒಂದು ಪಟ್ಟಿ ಬರುತ್ತೆ. ಆದರೆ ಆಫ್ ಆಗಿರುವ ಮೆಷಿನ್ನು ಅದರಲ್ಲಿ ಕಾಣುವುದಿಲ್ಲ. ಬೀರುವಿನ ಹಿಂದೆ ಏನಿದೆ ಅಂತಲೂ ಅದು ಹೇಳುವುದಿಲ್ಲ. ಹಾಗಾಗಿ ಪುಸ್ತಕ ಹಿಡಿದು ಪ್ರತಿ ರೂಮಿಗೂ ಹೋದೆ. ಜೊತೆಗೆ ಅಟೆಂಡರ್ ಒಬ್ಬರು ಬರುತ್ತಿದ್ದರು. ಸಂಸ್ಥೆಯಲ್ಲಿ ಎಲ್ಲರಿಗಿಂತ ಹಳಬರು. ಯಾವ ಕೇಬಲ್ ಯಾವ ವರ್ಷ ಎಳೆದದ್ದು, ಕೇಬಲ್ಲುಗಳು ಕೂಡುವ ಯಾವ ನೆಟ್‌ವರ್ಕ್ ಸ್ವಿಚ್ ಮಳೆಗಾಲದಲ್ಲಿ ಹ್ಯಾಂಗ್ ಆಗುತ್ತೆ, ಯಾವ ರೂಮಿನ ಪ್ಲಗ್ಗಿನಲ್ಲಿ ಕಿಡಿ ಬರುತ್ತೆ, ಎಲ್ಲ ಅವರಿಗೆ ಗೊತ್ತಿತ್ತು. ಈ ವಿಷಯ ಅವರನ್ನು ಯಾರೂ ಕೇಳಿರಲಿಲ್ಲ. ಅವರಿಂದ ತಿಳಿದಷ್ಟು ಯಾವ ಸಾಫ್ಟ್‌ವೇರಿನಿಂದಲೂ ನನಗೆ ತಿಳಿಯಲಿಲ್ಲ.

ಸ್ಟಾಫ್ ರೂಮಿನ ಮೂಲೆಯಲ್ಲಿ ಮೇಜಿನ ಕೆಳಗೆ ಒಂದು ಸಿಪಿಯು ಓಡುತ್ತಿತ್ತು. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಮೇಲೆ ‘ಆಫ್ ಮಾಡಬೇಡಿ’ ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದ ಚೀಟಿ. ಏನು ಇದು ಅಂತ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. “ಅದನ್ನ ಮುಟ್ಟಬೇಡಿ ಸಾರ್, ಮುಟ್ಟಿದರೆ ಆಫೀಸಿಂದ ಫೋನ್ ಬರುತ್ತೆ” ಅಂತ ಅಟೆಂಡರ್ ಎಚ್ಚರಿಸಿದರು. ಇಂಥ ಮೆಷಿನ್ನನ್ನು ಆಫ್ ಮಾಡಿ ಯಾರು ಕೂಗುತ್ತಾರೆ ನೋಡೋಣ ಅನ್ನುವವರಿದ್ದಾರೆ. ನನಗೆ ಆ ದಾರಿ ಇಷ್ಟ ಇಲ್ಲ. ಹಳೇ ಪವರ್ ಸಪ್ಲೈ ಒಂದು ಸಲ ತಣ್ಣಗಾದರೆ ಮತ್ತೆ ಏಳದೇ ಹೋಗಬಹುದು. ಮಾನಿಟರ್ ಹಚ್ಚಿ ನೋಡಿದೆ. ಲಾಗಿನ್ ಆಗಿಯೇ ಇತ್ತು. ಅದು ಯಾರ ಜೊತೆ ಮಾತಾಡುತ್ತಿದೆ ಅಂತ ಪರೀಕ್ಷಿಸಿದರೆ 4370ನೇ ಪೋರ್ಟಿನಲ್ಲಿ, ಅಂದರೆ ಆ ನಂಬರಿನ ಸಂಪರ್ಕದ ಬಾಗಿಲಲ್ಲಿ, ಕೆಲವು ಐಪಿ ವಿಳಾಸಗಳಿಗೆ ಸಂಪರ್ಕ ಕಂಡಿತು. ಬಯೋಮೆಟ್ರಿಕ್ ಹಾಜರಾತಿ ಮೆಷಿನ್ನುಗಳು ಸಾಮಾನ್ಯವಾಗಿ ಬಳಸುವ ಪೋರ್ಟ್ ಅದು. ಬೆಳಿಗ್ಗೆ ಎಲ್ಲರೂ ಬೆರಳು ಒತ್ತಿದ್ದನ್ನು ಈ ಕಂಪ್ಯೂಟರ್ ಎಳೆದು ಒಂದು ಎಂಡಿಬಿ ಫೈಲಿಗೆ, ಅಂದರೆ ಒಂದು ಸಣ್ಣ ಡೇಟಾಬೇಸಿಗೆ ಹಾಕುತ್ತಿತ್ತು. ತಿಂಗಳ ಕೊನೆಗೆ ಸಂಬಳದ ಸಾಫ್ಟ್‌ವೇರ್ ಆ ಫೈಲನ್ನು ಓದುತ್ತಿತ್ತು. ಇಡೀ ಸಿಬ್ಬಂದಿಯ ಸಂಬಳ ಒಂದು ಚೀಟಿಯ ಭರವಸೆಯ ಮೇಲೆ ನಡೆದಿತ್ತು. ಆ ಫೈಲನ್ನೂ ರಾತ್ರಿಯ ಬ್ಯಾಕಪ್ಪಿಗೆ ಸೇರಿಸಿದೆ.

ನೆಟ್‌ವರ್ಕಿನದ್ದು ದೊಡ್ಡ ಕಥೆ. ಇಡೀ ಕ್ಯಾಂಪಸ್ಸು ಗೋಡೆಯೇ ಇಲ್ಲದ ಒಂದೇ ಹಜಾರದ ಮನೆಯ ಹಾಗಿತ್ತು. ಆಫೀಸಿನ ಫೀಸ್ ಕೌಂಟರು, ಲ್ಯಾಬಿನ ಹುಡುಗರು, ಹಾಸ್ಟೆಲ್ ವೈಫೈ, ಸಿಸಿಟಿವಿ ಕ್ಯಾಮೆರಾ ಎಲ್ಲವೂ 192.168.1 ಅಂತ ಶುರುವಾಗುವ ಒಂದೇ ವಿಳಾಸದ ಸಾಲಿನಲ್ಲಿ. ಲ್ಯಾಬಿನಲ್ಲಿ ಕೂತ ವಿದ್ಯಾರ್ಥಿಗೆ ಫೀಸ್ ಸರ್ವರ್ ಕಾಣುತ್ತಿತ್ತು. ಜೊತೆಗೆ ಆಗಾಗ ಅರ್ಧ ಕ್ಯಾಂಪಸ್ಸಿಗೆ ಇಂಟರ್ನೆಟ್ ಹೋಗುತ್ತಿತ್ತು. ಕಾರಣ ಯಾರಿಗೂ ತಿಳಿದಿರಲಿಲ್ಲ.

ಹೀಗೆ ಇಂಟರ್ನೆಟ್ ಹೋದ ಒಂದು ಕಂಪ್ಯೂಟರಿನಲ್ಲಿ ವಿಳಾಸ ಯಾರು ಕೊಟ್ಟಿದ್ದಾರೆ ಅಂತ ನೋಡಿದೆ. ಕಂಪ್ಯೂಟರುಗಳಿಗೆ ವಿಳಾಸ ಹಂಚುವ ನಮ್ಮ ಡಿಎಚ್‌ಸಿಪಿ ಸರ್ವರ್ ಅಲ್ಲ, ಬೇರೆ ಯಾವುದೋ. ಮನೆಗಳಲ್ಲಿ ಬಳಸುವ ಸಣ್ಣ ವೈಫೈ ರೌಟರ್ ಒಂದು ಎಲ್ಲೋ ಕೂತು ತಾನೂ ವಿಳಾಸ ಹಂಚುತ್ತಿತ್ತು. ಯಾರಿಗೆ ಅದರ ಉತ್ತರ ಮೊದಲು ಸಿಗುತ್ತೋ ಅವರಿಗೆ ಇಂಟರ್ನೆಟ್ ಇಲ್ಲ. ಆಗಿನ ನಮ್ಮ ಸ್ವಿಚ್‌ಗಳು ಮ್ಯಾನೇಜ್ಡ್ ಅಲ್ಲ, ಯಾವ ಪೋರ್ಟಿನಲ್ಲಿದೆ ಅಂತ ಕೇಳಿದರೆ ಹೇಳುವುದಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಒಂದೊಂದೇ ಕೇಬಲ್ ಕೀಳುತ್ತಾ ಹೋದೆವು. ಕೊನೆಗೆ ಒಂದು ವಿಭಾಗದ ಬೀರುವಿನ ಹಿಂದೆ ಸಿಕ್ಕಿತು. ಅಲ್ಲಿಗೆ ಕಾಲೇಜಿನ ವೈಫೈ ಬರುವುದಿಲ್ಲ ಅಂತ ಮೇಷ್ಟ್ರುಗಳೇ ಕೈಯಿಂದ ದುಡ್ಡು ಹಾಕಿ ತಂದಿದ್ದರು. ಅದನ್ನು ಕಿತ್ತು ಹಾಕಿ ಒಂದು ಸುತ್ತೋಲೆ ಹೊರಡಿಸಿ ಅಂತ ಕೆಲವರು ಹೇಳಿದರು. ನನ್ನ ಪ್ರಕಾರ ಅವರು ತಪ್ಪೇನೂ ಮಾಡಿರಲಿಲ್ಲ. ಅವರಿಗೆ ವೈಫೈ ಬೇಕಿತ್ತು, ನಾವು ಕೊಟ್ಟಿರಲಿಲ್ಲ. ಅಲ್ಲಿ ಒಂದು ಸರಿಯಾದ ಆಕ್ಸೆಸ್ ಪಾಯಿಂಟ್ ಹಾಕಿ, ಆಮೇಲೆ ಅವರ ರೌಟರನ್ನು ಅವರ ಕೈಗೇ ಕೊಟ್ಟೆ. ಮುಂದೆ ಮ್ಯಾನೇಜ್ಡ್ ಸ್ವಿಚ್ ಬಂದ ಮೇಲೆ ಆಫೀಸು, ಲ್ಯಾಬು, ವೈಫೈ, ಕ್ಯಾಮೆರಾ ನಾಲ್ಕಕ್ಕೂ ಬೇರೆ ಬೇರೆ ವಿಲ್ಯಾನ್, ಅಂದರೆ ಒಂದೇ ನೆಟ್‌ವರ್ಕಿನೊಳಗೆ ಗೋಡೆ ಹಾಕಿದಂಥ ಭಾಗ, ಮಾಡಿದೆ. ಬೇರೆ ಯಾರೂ ಡಿಎಚ್‌ಸಿಪಿ ಉತ್ತರ ಕೊಡದಂತೆ ಸ್ವಿಚ್ಚಿನಲ್ಲೇ ತಡೆ ಹಾಕಿದೆ.

ಕಂಪ್ಯೂಟರ್ ಪುಸ್ತಕಗಳಲ್ಲಿ ಜಾಸ್ತಿ ಬರೆಯದ ಒಂದು ವಿಷಯ ಇದೆ. ಸಿಡಿಲು. ಏಪ್ರಿಲ್ ಮೇ ತಿಂಗಳಲ್ಲಿ ಮಲೆನಾಡಿನ ಗುಡುಗು ಮಳೆ ಕಂಡವರಿಗೆ ಹೇಳಬೇಕಾಗಿಲ್ಲ. ಆಫೀಸ್ ಕಟ್ಟಡದಿಂದ ಡಿಗ್ರಿ ಬ್ಲಾಕಿಗೆ ಒಂದು ಮಾಮೂಲಿ ನೆಟ್‌ವರ್ಕ್ ಕೇಬಲ್ಲನ್ನು ಸಿಲ್ವರ್ ಓಕ್ ಮರಗಳ ಮೇಲೆ ಎಳೆದಿದ್ದರು. ದೂರ 100 ಮೀಟರ್ ಮೀರುತ್ತೆ ಅಂತ ಮಧ್ಯದ ಮರಕ್ಕೆ ಪ್ಲಾಸ್ಟಿಕ್ ಡಬ್ಬಿ ಕಟ್ಟಿ ಅದರೊಳಗೆ ಒಂದು ಸಣ್ಣ ಸ್ವಿಚ್ ಇಟ್ಟಿದ್ದರು. ಪ್ರತಿ ವರ್ಷ ಸ್ವಿಚ್ಚಿನ ಪೋರ್ಟುಗಳು ಸುಡುತ್ತಿದ್ದವು. ಪ್ರತಿ ವರ್ಷ ಹೊಸ ಸ್ವಿಚ್ ತರುತ್ತಿದ್ದರು.

ತಾಮ್ರದ ತಂತಿ ಎರಡು ಕಟ್ಟಡಗಳನ್ನು ಜೋಡಿಸಿದಾಗ ಎರಡರ ಅರ್ಥಿಂಗನ್ನೂ ಜೋಡಿಸಿದ ಹಾಗಾಗುತ್ತೆ. ಹತ್ತಿರ ಎಲ್ಲಾದರೂ ಸಿಡಿಲು ಹೊಡೆದರೆ ನೆಲದ ವೋಲ್ಟೇಜ್ ಒಂದು ಕಡೆ ಏರುತ್ತೆ, ಇನ್ನೊಂದು ಕಡೆ ಏರುವುದಿಲ್ಲ. ಆ ವ್ಯತ್ಯಾಸ ಈ ತಂತಿಯಲ್ಲಿ ಹರಿದು ಸ್ವಿಚ್ಚನ್ನು ಸುಡುತ್ತೆ. ಸಿಡಿಲು ನೇರ ಮರದ ಮೇಲೇ ಬೀಳಬೇಕು ಅಂತಿಲ್ಲ. ಫೈಬರ್ ಹಾಕಿದರೆ ಈ ಸಮಸ್ಯೆ ಬುಡಸಮೇತ ಹೋಗುತ್ತೆ, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಅಂಗಡಿಯವರು ಹೊರಗಡೆಗೆ ಅಂತ ಕೊಡುವ ಫೈಬರ್‌ನಲ್ಲಿ ಸಾಮಾನ್ಯವಾಗಿ ಉಕ್ಕಿನ ಕವಚ ಇರುತ್ತೆ. ಅದನ್ನು ಹಾಗೇ ಎರಡೂ ಕಟ್ಟಡದೊಳಗೆ ತಂದರೆ ಮತ್ತೆ ಲೋಹದ ದಾರಿ ಆಯಿತು. ಹಾಗಾಗಿ ಲೋಹವೇ ಇಲ್ಲದ ಕೇಬಲ್ ತರಿಸಿ, ಹೆಗ್ಗಣ ಕಡಿಯದಂತೆ ಎಚ್‌ಡಿಪಿಇ ಪೈಪಿನೊಳಗೆ ನೆಲದಲ್ಲಿ ಹೂತೆವು. ಅದಾದ ಮೇಲೆ ಬಂದ ಮೊದಲ ಗುಡುಗು ಮಳೆಯ ರಾತ್ರಿ ಡಿಗ್ರಿ ಬ್ಲಾಕಿನ ಲಿಂಕ್ ಒಂದು ಸಲವೂ ಬೀಳಲಿಲ್ಲ.

ಅರ್ಥಿಂಗ್ ವಿಚಾರ ಬಂದದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಸರ್ವರ್ ರೂಮಿನ ಪ್ಲಗ್ಗಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿದರೆ ಒಂದೆರಡು ವೋಲ್ಟಿನ ಒಳಗೆ ಇರಬೇಕು. ಇಲ್ಲಿ ಹತ್ತು ದಾಟಿತ್ತು. ಎಲೆಕ್ಟ್ರೀಷಿಯನ್ ಅರ್ಥಿಂಗಿನ ಗುಂಡಿ ತೆಗೆದು ನೋಡಿದರೆ ತಂತಿಯ ಕ್ಲ್ಯಾಂಪು ತುಕ್ಕು ಹಿಡಿದು ಕೈಯಲ್ಲೇ ಬಂತು. ಮಳೆಗಾಲದಲ್ಲಿ ಮಣ್ಣು ಒದ್ದೆ ಇದ್ದಾಗ ಹೇಗೋ ನಡೆಯುತ್ತಿತ್ತು, ಬೇಸಿಗೆಯಲ್ಲಿ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ. ಕಂಪ್ಯೂಟರ್ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ಲ್ಯಾಬಿನ ಮಕ್ಕಳು ಹೇಳುತ್ತಿದ್ದದ್ದು ಇದಕ್ಕೇ. ಸರ್ವರ್ ಹಳೆಯದಿರಲಿ, ಸಾಫ್ಟ್‌ವೇರ್ ಹಳೆಯದಿರಲಿ, ಮಕ್ಕಳಿಗೆ ಶಾಕ್ ಹೊಡೆಯೋದನ್ನು ಮುಂದಕ್ಕೆ ಹಾಕಲು ಬರುವುದಿಲ್ಲ. ಹೊಸ ಗುಂಡಿ ಮಾಡಿಸಿ, ಲ್ಯಾಬಿನ ವೈರಿಂಗನ್ನೂ ತಪಾಸಣೆ ಮಾಡಿಸಿದೆವು. ಅದರ ಜೊತೆಗೇ ಯುಪಿಎಸ್ ಬ್ಯಾಟರಿಗಳೂ ಬದಲಾದವು. ಹಳೆಯವರ ಪತ್ರದ ಜೆರಾಕ್ಸನ್ನು ನನ್ನ ಬೇಡಿಕೆಯ ಜೊತೆ ಲಗತ್ತಿಸಿದ್ದೆ. ಸಭೆಯಲ್ಲಿ ಅದನ್ನು ಓದಿದ ಮೇಲೆ ಯಾರೂ ಮರುಮಾತಾಡಲಿಲ್ಲ.

ಆಫೀಸಿನ ಕಂಪ್ಯೂಟರುಗಳಿಗೆ ಬರೋಣ. ಜಾಸ್ತಿ ವಿಂಡೋಸ್ 7, ಕೆಲವು ಎಕ್ಸ್‌ಪಿ. ಅರ್ಧಕ್ಕೆ ಲೈಸೆನ್ಸ್ ಇಲ್ಲ, ಯಾವುದೋ ಆಕ್ಟಿವೇಟರ್ ಹಾಕಿ ಓಡಿಸಿದ್ದು. ಆ ಆಕ್ಟಿವೇಟರ್ ಕೂರಿಸುವಾಗ ಆಂಟಿವೈರಸ್ ಆಫ್ ಮಾಡಿ ಅನ್ನುತ್ತೆ, ಆಫ್ ಮಾಡಿದ್ದನ್ನು ಯಾರೂ ಮತ್ತೆ ಆನ್ ಮಾಡಿರಲಿಲ್ಲ. ಎಲ್ಲ ಮೆಷಿನ್ನಿನಲ್ಲೂ ಎಸ್‌ಎಂಬಿ 1 ಅನ್ನುವ ಹಳೇ ಫೈಲ್ ಶೇರಿಂಗ್ ತೆರೆದಿತ್ತು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ರ್‍ಯಾನ್ಸಮ್‌ವೇರ್ ನುಗ್ಗಿದ್ದು ಇದೇ ಎಸ್‌ಎಂಬಿ 1ರ ದೋಷದಿಂದ. ಅದಕ್ಕೆ ಮದ್ದು ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಹಾಗಾದರೆ ಎಲ್ಲ ಕಡೆ ಇದನ್ನು ಆಫ್ ಮಾಡಿಬಿಡೋಣ ಅಂತ ಹೊರಟರೆ, ಆಫೀಸಿನ ಜೆರಾಕ್ಸ್ ಮೆಷಿನ್ ಅಡ್ಡ ಬಂತು. ಅದು ಸ್ಕ್ಯಾನ್ ಮಾಡಿದ್ದನ್ನು ಫೋಲ್ಡರಿಗೆ ಕಳಿಸಲು ಎಸ್‌ಎಂಬಿ 1 ಮಾತ್ರ ಬಲ್ಲದು. ಸ್ಕಾಲರ್‌ಶಿಪ್ ಅರ್ಜಿಯ ಸಮಯ ಬೇರೆ. ದಿನಾ ರಾಶಿ ದಾಖಲೆ ಸ್ಕ್ಯಾನ್ ಆಗಬೇಕು, ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್ಲಿಗೆ, ಸ್ಕಾಲರ್‌ಶಿಪ್ಪಿನ ಎಸ್‌ಎಸ್‌ಪಿ ಪೋರ್ಟಲ್ಲಿಗೆ ಅಪ್‌ಲೋಡ್ ಆಗಬೇಕು. ಆ ಮೆಷಿನ್ನು ಎಫ್‌ಟಿಪಿ ಅನ್ನುವ ಇನ್ನೊಂದು ಫೈಲ್ ಕಳಿಸುವ ವಿಧಾನದಲ್ಲೂ ಕಳಿಸಬಲ್ಲದು ಅಂತ ಮೆನುವಿನಲ್ಲಿ ಕಂಡಿತು. ಅದಕ್ಕೊಂದು ಪ್ರತ್ಯೇಕ ಜಾಗ ಮಾಡಿ, ಬೇರೆ ಕಡೆಗೆ ದಾರಿ ಮುಚ್ಚಿದೆ. ಸ್ಕ್ಯಾನ್ ಒಂದು ದಿನವೂ ನಿಲ್ಲಲಿಲ್ಲ. ಆಮೇಲೇ ಎಸ್‌ಎಂಬಿ 1 ಬಂದ್ ಮಾಡಿದ್ದು.

ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮುಂಚೆ ನಾನು ಎಲ್ಲಕ್ಕಿಂತ ಎಚ್ಚರಿಕೆ ವಹಿಸಿದ್ದು ಕನ್ನಡದ ಫೈಲುಗಳ ಬಗ್ಗೆ. ಸಂಸ್ಥೆಯ ಹಳೇ ಪತ್ರ, ನಡಾವಳಿ, ವರ್ಗಾವಣೆ ಪತ್ರದ ನಮೂನೆ ಎಲ್ಲ ಹಳೇ ನುಡಿ ಫಾಂಟಿನಲ್ಲಿದ್ದವು. ಕೆಲವು ಬರಹದಲ್ಲಿ. ಇವು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಬಳಕೆಗೆ ಬರುವ ಮುಂಚಿನ ರೀತಿಯವು. ಫೈಲಿನೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫಾಂಟು ಅದನ್ನು ಕನ್ನಡವಾಗಿ ಬಿಡಿಸಿ ತೋರಿಸುತ್ತೆ. ಫಾಂಟಿಲ್ಲದ ಮೆಷಿನ್ನಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಫೈಲ್ ಹಾಳಾಗಿದೆ ಅಂದುಕೊಂಡು ಡಿಲೀಟ್ ಮಾಡಿದವರೂ ಇದ್ದರು. ಫೋಲ್ಡರಿನಲ್ಲಿ ಒಂದು ಹೆಸರು ಹುಡುಕಿದರೆ ಸಿಗುವುದಿಲ್ಲ, ಒಳಗೆ ಆ ಹೆಸರು ಕನ್ನಡವಾಗಿ ಇಲ್ಲವೇ ಇಲ್ಲ.

ನಾನು ಮೊದಲು ಎಲ್ಲ ಕಂಪ್ಯೂಟರಿನಿಂದಲೂ ಹಳೇ ಫಾಂಟುಗಳನ್ನು ಹೆಕ್ಕಿ ಒಂದು ಕಡೆ ಇಟ್ಟೆ. ಆಮೇಲೆ ಫೈಲುಗಳ ಪ್ರತಿ ಮಾಡಿ, ಪ್ರತಿಯನ್ನು ಮಾತ್ರ ಯೂನಿಕೋಡಿಗೆ ಪರಿವರ್ತಿಸಿದೆ. ಮೂಲವನ್ನು ಮುಟ್ಟಲಿಲ್ಲ. ಪರಿವರ್ತನೆ ಪೂರ್ತಿ ಸರಿ ಬರುವುದಿಲ್ಲ. ಅರ್ಕಾವತ್ತು ಇರುವ ಕಡೆ, ಇಂಗ್ಲಿಷ್ ಪದ ಬೆರೆತ ಕಡೆ ಎಡವುತ್ತೆ. ಒಂದು ಪತ್ರದಲ್ಲಿ ಸರ್ವೆ ನಂಬರಿನ ಪಕ್ಕದ ಇಂಗ್ಲಿಷ್ ಅಕ್ಷರ ಕನ್ನಡದ ಒಂದು ಒತ್ತಾಗಿ ಬಂದಿತ್ತು. ಜಮೀನಿನ ಪತ್ರದಲ್ಲಿ ಅಂಥ ತಪ್ಪು ಸಣ್ಣದಲ್ಲ. ಹಾಗಾಗಿ ಆಸ್ತಿ ಮತ್ತು ಸೇವಾ ದಾಖಲೆಗಳನ್ನು ಸೂಪರಿಂಟೆಂಡೆಂಟ್ ಮೇಡಂ ತಾವೇ ಒಂದೊಂದಾಗಿ ಓದಿ ಟಿಕ್ ಹಾಕಿದರು.

ಟೈಪ್ ಮಾಡುವವರಿಗೆ ಇನ್ನೊಂದು ಭಯ ಇತ್ತು. “ಹೊಸ ಸಿಸ್ಟಂ ಬಂದ್ರೆ ಕೀಬೋರ್ಡ್ ಮತ್ತೆ ಕಲೀಬೇಕಾ?” ಅಂತ ಒಬ್ಬರು ಕೇಳಿದರು. ಬೇಕಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಮೇಲೆ ನಿಂತ ಕಗಪ ಕೀಲಿಮಣೆ ನುಡಿಯಲ್ಲೂ ಇದೆ, ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್‌ನಲ್ಲೂ ಇದೆ. ಬೆರಳಿನ ಅಭ್ಯಾಸ ಹಾಗೇ ಉಳಿಯುತ್ತೆ, ಬರುವ ಅಕ್ಷರ ಮಾತ್ರ ಯೂನಿಕೋಡ್. ಆ ಕ್ಲರ್ಕ್ ಒಂದು ಸುತ್ತೋಲೆ ಟೈಪ್ ಮಾಡಿ, ಅದನ್ನೇ ವಾಟ್ಸಾಪ್‌ಗೆ ನೇರ ಪೇಸ್ಟ್ ಮಾಡಿ ನೋಡಿದರು. ಅಲ್ಲೂ ಕನ್ನಡವೇ ಬಂತು. ಅಲ್ಲಿಯ ತನಕ ಸುತ್ತೋಲೆಯ ಫೋಟೋ ತೆಗೆದು ಕಳಿಸುತ್ತಿದ್ದರು. ಆಮೇಲೆ ಅವರೇ ಉಳಿದವರಿಗೆ ಕಲಿಸಿದರು.

ಲ್ಯಾಬಿನ ಹಳೇ ಮೆಷಿನ್ನುಗಳಿಗೆ ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕ್ ಹಾಕಿ ಲಿನಕ್ಸ್ ಕೂರಿಸಿದೆ. ಪೈಥಾನ್, ಸಿ, ಲಿಬ್ರೆಆಫೀಸ್ ಓಡಿದರೆ ಅಲ್ಲಿಯ ಕೆಲಸ ಮುಗಿಯಿತು. ಕೆಲವು ಮೆಷಿನ್ನಿನಲ್ಲಿ ಯಾವ ಸೈಟೂ ತೆರೆಯುತ್ತಿರಲಿಲ್ಲ, ಇಂಟರ್ನೆಟ್ ಇಲ್ಲ ಅಂತ ಮಕ್ಕಳು ಹೇಳುತ್ತಿದ್ದರು. ನೋಡಿದರೆ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಮದರ್‌ಬೋರ್ಡಿನ ಬಟನ್ ಸೆಲ್ಲು ಸತ್ತಿತ್ತು. ತಾರೀಖು ತಪ್ಪಿದರೆ ಬ್ರೌಸರ್ ಸೈಟಿನ ಸರ್ಟಿಫಿಕೇಟನ್ನು, ಅಂದರೆ ಸೈಟು ಅಸಲಿ ಅನ್ನುವ ಗುರುತನ್ನು, ಒಪ್ಪುವುದಿಲ್ಲ. ಸಿಆರ್2032 ಸೆಲ್ ಒಂದಕ್ಕೆ ಎಷ್ಟು ಮಹಾ ಬೆಲೆ? ಅಷ್ಟಕ್ಕೆ ಒಂದು ಸಾಲು ಕಂಪ್ಯೂಟರ್ ಮೂಲೆಗುಂಪಾಗಿತ್ತು.

ಪಾಸ್‌ವರ್ಡ್ ವಿಚಾರಕ್ಕೆ ಬಂದರೆ, ನಿವೃತ್ತರಾದವರ ಖಾತೆಗಳೆಲ್ಲ ಜೀವಂತ ಇದ್ದವು. ಅಡ್ಮಿನ್ ಪಾಸ್‌ವರ್ಡ್ ಇಡೀ ಆಫೀಸಿಗೆ ಗೊತ್ತಿತ್ತು. ಇನ್ನೂ ದೊಡ್ಡದು ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ. ಕಾಲೇಜಿನ ವೆಬ್‌ಸೈಟಿನ ಡೊಮೇನ್ ಯಾರೋ ಹಳೇ ಸಿಬ್ಬಂದಿಯ ಸ್ವಂತ ಇಮೇಲಿಗೆ ಜೋಡಣೆಯಾಗಿತ್ತು. ರಿನ್ಯೂವಲ್ ನೋಟಿಸ್ ಅಲ್ಲಿಗೆ ಹೋಗುತ್ತೆ, ನಮಗೆ ತಿಳಿಯುವುದೇ ಇಲ್ಲ. ಎಸಿ ಡಾಟ್ ಇನ್, ಎಡು ಡಾಟ್ ಇನ್ ಹೆಸರುಗಳನ್ನು ನಮ್ಮ ದೇಶದಲ್ಲಿ ಅರ್ನೆಟ್ ಇಂಡಿಯಾ ನೋಂದಾಯಿಸುತ್ತೆ. ಪ್ರಿನ್ಸಿಪಾಲರ ಸಹಿ, ಸೀಲು ಇರುವ ಪತ್ರ ಕಳಿಸಿ ಸಂಪರ್ಕದ ವಿಳಾಸವನ್ನು ಹುದ್ದೆಯ ಇಮೇಲಿಗೆ ಬದಲಾಯಿಸಿಕೊಂಡೆವು. ವ್ಯಕ್ತಿಯ ಹೆಸರಿನಲ್ಲಿ ಏನೂ ಇರಬಾರದು, ನನ್ನ ಹೆಸರಿನಲ್ಲೂ ಇರಬಾರದು ಅಂತ ಬರೆದು ಸಹಿ ಹಾಕಿಸಿಕೊಂಡೆ.

ಕೊನೆಗೆ ಉಳಿದದ್ದು ಆ ಹಳೇ ಸರ್ವರ್. ಫೀಸಿನ ಸಾಫ್ಟ್‌ವೇರ್ ವಿಬಿ 6 ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಬರೆದವರು ಆ ಕೆಲಸವನ್ನೇ ಬಿಟ್ಟಿದ್ದಾರೆ, ಮೂಲ ಕೋಡ್ ಇಲ್ಲ, ಸಿಡಿ ಇಲ್ಲ. ಹೊಸ ಸರ್ವರಿನಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಲು ದಾರಿಯೇ ಇಲ್ಲ. ಹಾಗಾಗಿ ಇಡೀ ಸರ್ವರನ್ನೇ ಡಿಸ್ಕ್‌2ವಿಎಚ್‌ಡಿ ಅನ್ನುವ ಉಪಕರಣದಿಂದ ಒಂದು ಡಿಸ್ಕ್ ಇಮೇಜ್, ಅಂದರೆ ಡಿಸ್ಕಿನ ಪೂರ್ತಿ ನಕಲು ಮಾಡಿ, ಹೊಸ ಹಾರ್ಡ್‌ವೇರಿನಲ್ಲಿ ಪ್ರಾಕ್ಸ್‌ಮಾಕ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿ, ಅದರೊಳಗೆ ವರ್ಚುವಲ್ ಮೆಷಿನ್ ಆಗಿ, ಕಂಪ್ಯೂಟರಿನೊಳಗೊಂದು ಕಂಪ್ಯೂಟರಿನ ಹಾಗೆ, ಎಬ್ಬಿಸಿದೆ. ಇಲ್ಲಿ ಒಂದು ಮಾತು ಗಮನದಲ್ಲಿರಲಿ. ಪ್ರಾಕ್ಸ್‌ಮಾಕ್ಸ್ ತೋರಿಸುವ ವೇಗವಾದ ವರ್ಟ್‌ಐಒ ರೀತಿಯ ಡಿಸ್ಕಿನಿಂದಲೇ ನೇರ ಬೂಟ್ ಮಾಡಲು ಹೋದರೆ ವಿಂಡೋಸ್‌ಗೆ ಅದರ ಡ್ರೈವರ್ ಇಲ್ಲದೆ ನೀಲಿ ಪರದೆ ಬರುತ್ತೆ. ಮೊದಲು ಹಳೇ ಐಡಿಇ ರೀತಿಯಲ್ಲಿ ಬೂಟ್ ಮಾಡಿಸಿ, ಪಕ್ಕದಲ್ಲಿ ಒಂದು ಸಣ್ಣ ವರ್ಟ್‌ಐಒ ಡಿಸ್ಕ್ ತೋರಿಸಿ ಡ್ರೈವರ್ ಕೂರಿಸಿ, ಆಮೇಲೆ ಮುಖ್ಯ ಡಿಸ್ಕನ್ನು ಬದಲಾಯಿಸಬೇಕು. ಈಗ ಆ ಮೆಷಿನ್ನಿಗೆ ಇಂಟರ್ನೆಟ್ ಇಲ್ಲ. ಫೀಸ್ ಕೌಂಟರಿನ ಕಂಪ್ಯೂಟರುಗಳು ಮಾತ್ರ ಅದನ್ನು ತಲುಪಬಹುದು. ಹಳೇ ವಿಂಡೋಸನ್ನು ಹೀಗೆ ಉಳಿಸಿಕೊಳ್ಳುವುದು ನನಗೆ ಸಮಾಧಾನದ ವಿಷಯ ಅಲ್ಲ. ಹೊಸ ಸಾಫ್ಟ್‌ವೇರ್ ಬರುವ ತನಕ ಮಾತ್ರ ಅಂತ ಆಡಳಿತ ಮಂಡಳಿಗೆ ಸ್ಪಷ್ಟವಾಗಿ ಬರೆದಿದ್ದೇನೆ.

ಮೂಲವೂ ಸೇರಿ ಡೇಟಾ ಈಗ ಮೂರು ಕಡೆ ಇದೆ. ರಾತ್ರಿ ಇನ್ನೊಂದು ಕಟ್ಟಡದ ಸ್ಟೋರೇಜಿಗೆ ಹೋಗುತ್ತೆ. ವಾರಕ್ಕೊಮ್ಮೆ ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿಗೆ ಹೋಗುತ್ತೆ. ಆ ಡಿಸ್ಕನ್ನು ಕಿತ್ತು ಕ್ಯಾಂಪಸ್ಸಿನ ಹೊರಗಿನ ಟ್ರಸ್ಟ್ ಕಚೇರಿಯ ತಿಜೋರಿಯಲ್ಲಿ ಇಡುತ್ತೇವೆ. ಕಿತ್ತಿಟ್ಟ ಡಿಸ್ಕನ್ನು ಯಾವ ರ್‍ಯಾನ್ಸಮ್‌ವೇರೂ ಮುಟ್ಟಲಾರದು. ತಿಂಗಳಿಗೊಮ್ಮೆ ಒಂದು ಶನಿವಾರ ಯಾವುದಾದರೂ ಒಂದು ಫೈಲು, ಒಂದು ಡೇಟಾಬೇಸು ವಾಪಸ್ ತಂದು ನೋಡುತ್ತೇವೆ. ಯಾವ ರಸೀದಿ ಹುಡುಕಬೇಕು ಅಂತ ಮೇಡಂ ಹೇಳುತ್ತಾರೆ.

ರ್‍ಯಾಕಿನ ಪಕ್ಕ ಕನ್ನಡದಲ್ಲಿ ಬರೆದ ಒಂದು ಪುಸ್ತಕ ತೂಗುಹಾಕಿದ್ದೇನೆ. ಕರೆಂಟ್ ಹೋದಾಗ ಯಾವುದನ್ನು ಮೊದಲು ಆಫ್ ಮಾಡಬೇಕು, ಬಂದಾಗ ಯಾವುದನ್ನು ಮೊದಲು ಆನ್ ಮಾಡಬೇಕು ಅಂತ ಅದರಲ್ಲಿದೆ. ಪ್ರತಿ ಕೇಬಲ್ಲಿಗೂ ಎರಡೂ ತುದಿಯಲ್ಲಿ ಒಂದೇ ನಂಬರಿನ ಚೀಟಿ. ಅದನ್ನೆಲ್ಲ ಬರೆಯುವಾಗ ಅಟೆಂಡರ್ ಪಕ್ಕದಲ್ಲೇ ಇದ್ದರು. ನಾನು ರಜೆಯಲ್ಲಿದ್ದಾಗ ಒಂದು ಸಲ ಕರೆಂಟ್ ಬಹಳ ಹೊತ್ತು ಹೋಗಿತ್ತು. ಅವರೇ ಪುಸ್ತಕ ನೋಡಿ ಸರ್ವರನ್ನು ಸರಿಯಾಗಿ ಇಳಿಸಿ, ಬಂದ ಮೇಲೆ ಏರಿಸಿ, ಪುಸ್ತಕದಲ್ಲಿ ಟೈಮು ಬರೆದು ಸಹಿ ಹಾಕಿದ್ದರು.

ಕೆಟ್ಟುಹೋದ ಮಾನಿಟರು, ಸುಟ್ಟ ಸ್ವಿಚ್ಚು, ಸತ್ತ ಬ್ಯಾಟರಿಗಳ ರಾಶಿಯನ್ನು ಗುಜರಿಗೆ ಹಾಕಲಿಲ್ಲ. 2022ರ ಇ-ತ್ಯಾಜ್ಯ ಮತ್ತು ಬ್ಯಾಟರಿ ತ್ಯಾಜ್ಯ ನಿಯಮಗಳಡಿ ನೋಂದಾಯಿಸಿಕೊಂಡ ಮರುಬಳಕೆದಾರರಿಗೇ ಕೊಟ್ಟೆವು. ಹಾರ್ಡ್ ಡಿಸ್ಕುಗಳನ್ನು ಮಾತ್ರ ಮೊದಲು ತೆಗೆದು ಡ್ರಿಲ್ಲಿನಿಂದ ತೂತು ಮಾಡಿದೆವು. ಅವುಗಳಲ್ಲಿ ಮಕ್ಕಳ ಆಧಾರ್ ಪ್ರತಿ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆ ವಿವರ ಎಲ್ಲ ಇದ್ದವು.

ಇನ್ನೂ ಬಾಕಿ ಇದೆ. ಬಯೋಮೆಟ್ರಿಕ್ಕಿನ ಆ ಸಿಪಿಯು ಇನ್ನೂ ಮೇಜಿನ ಕೆಳಗೇ ಇದೆ, ಹೊಸ ಸಂಬಳದ ಸಾಫ್ಟ್‌ವೇರ್ ಜೊತೆ ಅದು ಹೋಗಬೇಕು. ಆಫೀಸಿನಲ್ಲಿ ಈಗ ಓಡುವ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ಆಫೀಸಿನ ಯಾವ ಯಾವ ಮೆಷಿನ್ನಿನಲ್ಲಿ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇದೆ, ಯಾವುದು ವಿಂಡೋಸ್ 11 ತಾಳುತ್ತೆ ಅಂತ ಪಟ್ಟಿ ಮಾಡುತ್ತಿದ್ದೇನೆ. ಅಡ್ಮಿಷನ್ ಶುರುವಾದ ಮೇಲೆ ಆಫೀಸಿನ ಯಾವ ಕಂಪ್ಯೂಟರನ್ನೂ ಮುಟ್ಟುವ ಹಾಗಿಲ್ಲ. ಅಷ್ಟರೊಳಗೆ ಫೀಸ್ ಕೌಂಟರಿನ ಎರಡು ಮೆಷಿನ್ನಾದರೂ ಬದಲಾಗಬೇಕು.